ಬದುಕಿದ್ದಾಗಲೇ ಸೂತಕ ಕಂಡ ದೊರೆ

ಹತ್ತಿರ ಬನ್ನಿ, ಕಾಲು ಮಡಿಸಿ ಕೂತುಕೊಳ್ಳಿ. ನಮ್ಮ ಅಜ್ಜಂದಿರ ಅಜ್ಜಂದಿರೂ ತೊಟ್ಟಿಲಲ್ಲಿದ್ದ ಕಾಲದಲ್ಲಿ ಕಣಗಿಲೆದುರ್ಗ ಅಂತ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೊಬ್ಬ ದೊರೆ. ಹೆಸರು ಘನವೀರ ನಾಯಕ. ದೊಡ್ಡದು ಅಂದರೆ ಅವನಿಗೆ ಪ್ರಾಣ. ಸಣ್ಣದು ಕಂಡರೆ ಮೈಯೆಲ್ಲ ಉರಿ.

ಅವನ ಮೀಸೆ ದೊಡ್ಡದು. ತಟ್ಟೆ ದೊಡ್ಡದು. ಸಿಂಹಾಸನವಂತೂ ಎಷ್ಟು ದೊಡ್ಡದೆಂದರೆ, ಅದರೊಳಗೆ ದೊರೆ ಎಲ್ಲಿ ಕೂತಿದ್ದಾನೆ ಅಂತ ಸಭೆಯವರು ಹುಡುಕಬೇಕಿತ್ತು. ಅವನ ಛತ್ರಿ ಹಿಡಿಯೋದಕ್ಕೆ ನಾಲ್ಕು ಜನ ಬೇಕು. ಗಾಳಿ ಬೀಸಿದ ದಿನ ಆ ಛತ್ರಿ ನಾಲ್ವರನ್ನೂ ಎತ್ತಿಕೊಂಡು ಹೋಗಿ ಕೋಟೆಯ ಕಂದಕಕ್ಕೆ ಹಾಕುತ್ತಿತ್ತು. ಅರಮನೆಯ ಒಗ್ಗರಣೆಗೆ ಸಾಸಿವೆ ಹಾಕಬಾರದು ಅಂತ ಅಪ್ಪಣೆಯಾಗಿತ್ತು. "ಅಷ್ಟು ಸಣ್ಣ ಕಾಳು ನನ್ನ ಬಾಯಿಗೆ ಬರೋದಾ? ಕುಂಬಳಕಾಯಿ ಹಾಕಿ" ಅಂದಿದ್ದ. ಅವತ್ತಿನಿಂದ ಸಾರಿಗೆ ಕುಂಬಳಕಾಯಿಯ ಒಗ್ಗರಣೆ. ಉಂಡವರೆಲ್ಲ ಬಹಳ ಚೆನ್ನಾಗಿದೆ ಅಂತಲೇ ಹೇಳುತ್ತಿದ್ದರು. ಕುತ್ತಿಗೆ ಎಲ್ಲರಿಗೂ ಬೇಕಲ್ಲ.

ಆದರೆ ದೊರೆ ಕೆಟ್ಟವನಲ್ಲ. ಅವನಿಗೆ ತಾಯಿಯಿಲ್ಲದ ಒಬ್ಬಳೇ ಮಗಳು. ಅವಳಿಗೆ ದೊಡ್ಡದೇವಿ ಅಂತ ಹೆಸರಿಟ್ಟಿದ್ದ. ಹುಡುಗಿ ಬೆಳೆದದ್ದು ಮಾತ್ರ ಅಪ್ಪನ ಮೊಣಕೈ ಎತ್ತರಕ್ಕೆ. ಇಡೀ ರಾಜ್ಯದಲ್ಲಿ ದೊರೆ ಪ್ರೀತಿಸಿದ ಸಣ್ಣ ವಸ್ತು ಅಂದರೆ ಅವಳೊಬ್ಬಳೇ. ಅವಳಿಗೆ ಕಣಿವೆಯಾಚೆಯ ರಾಜ್ಯದಿಂದ ಸಂಬಂಧ ಕೂಡಿಬಂದಿತ್ತು. ಹುಡುಗನ ತಂದೆ ಭೈರರಸ ಮಾತು ಮುಗಿಸಿ ವೀಳ್ಯ ಬದಲಾಯಿಸಲು ತಾನೇ ಬರುತ್ತೇನೆ ಅಂತ ಹೇಳಿಕಳಿಸಿದ್ದ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು. ದೊಡ್ಡದೇವಿ ಆಗಲೇ ಕನ್ನಡಿಯ ಮುಂದೆ ಹೊತ್ತು ಕಳೆಯೋದಕ್ಕೆ ಶುರು ಮಾಡಿದ್ದಳು.

ಈಗ ಬೀದಿಯ ವಿಷಯ ಕೇಳಿ. ಕೋಟೆ ಬಾಗಿಲಿನಿಂದ ಕಣಿವೆಯ ಬುಡದವರೆಗೂ ಒಂದು ಅಂಗಡಿಬೀದಿ. ಅಂಗಡಿ ಅಂದರೆ ಮಹಲುಗಳಲ್ಲ. ಒಂದು ಜಗಲಿ, ಮೇಲೊಂದು ಸೋಗೆಯ ಮಾಡು, ಅದರಡಿ ಒಬ್ಬ ಮನುಷ್ಯ. ಒಬ್ಬ ಹಗ್ಗ ಹೊಸೆಯುವವನು. ಒಬ್ಬ ಚಪ್ಪಲಿಗೆ ಉಂಗುಟ ಹಾಕುವವನು. ಒಬ್ಬಳು ಬಳೆ ತೊಡಿಸುವವಳು, ಇನ್ನೊಬ್ಬಳು ಮಜ್ಜಿಗೆಯವಳು. ಬಾಗಿಲ ಪಕ್ಕದ ಮೊದಲ ಅಂಗಡಿ ಪುರಿ ಹುರಿಯುವ ಸಣ್ಣೀರವ್ವನದು. ಪಾವು ಪುರಿ ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕದೆ ಅವಳು ಯಾರನ್ನೂ ಕಳಿಸಿದವಳಲ್ಲ.

ಆ ಬೀದಿಗೊಂದು ಪದ್ಧತಿ ಇತ್ತು. ಮುಸ್ಸಂಜೆ ಆಗುತ್ತಿದ್ದಂತೆ ಪ್ರತಿ ಅಂಗಡಿಯ ಜಗಲಿಯ ಮೇಲೂ ಒಂದೊಂದು ಹಣತೆ ಹಚ್ಚಿಡಬೇಕು. ಕಣಿವೆಯ ಮೇಲೆ ನಿಂತ ಪರವೂರಿನವರಿಗೆ ಆ ದೀಪದ ಸಾಲು ಕಾಣುತ್ತಿತ್ತು. "ದೊರೆ ಸುಖವಾಗಿದ್ದಾನೆ, ಇಳಿಯೋಣ" ಅಂತ ಅವರು ಎತ್ತು ಹೊಡೆದುಕೊಂಡು ಬರುತ್ತಿದ್ದರು. ಇಡೀ ಬೀದಿ ಬಾಗಿಲು ಹಾಕಿ ದೀಪ ಹಚ್ಚದೆ ಇರುವುದು ದೊರೆ ತೀರಿಕೊಂಡಾಗ ಮಾತ್ರ. ಹೊಸ ದೊರೆಗೆ ಪಟ್ಟವಾದ ಸಂಜೆ ಮತ್ತೆ ದೀಪ ಹತ್ತುತ್ತಿತ್ತು. ಸುತ್ತಲ ಏಳು ರಾಜ್ಯಕ್ಕೂ ಇದು ಗೊತ್ತು. ಕಣಗಿಲೆದುರ್ಗದ ದೊರೆಗೆ ಮಾತ್ರ ಇದು ಮರೆತೇ ಹೋಗಿತ್ತು, ಯಾಕೆಂದರೆ ಹಣತೆ ಸಣ್ಣದು.

ಬೀಗರು ಬರುವ ಸುದ್ದಿ ಬಂದದ್ದೇ ತಡ, ಮಂತ್ರಿ ಸಂಪನ್ನಯ್ಯ ದೊರೆಯ ಕಿವಿಯ ಹತ್ತಿರ ಬಂದ.

"ಮಹಾಪ್ರಭು, ಬೀಗರು ಕಣಿವೆ ಇಳಿದರೆ ಮೊದಲು ಕಾಣೋದೇನು? ಪುರಿ ಹೊಟ್ಟು. ಹರಿದ ಸೋಗೆ. ಹಳೇ ಚಪ್ಪಲಿ. ಇಷ್ಟು ದೊಡ್ಡ ದೊರೆಯ ಬಾಗಿಲಲ್ಲಿ ಇಷ್ಟು ಸಣ್ಣ ಜನ ಕೂತಿರಬಹುದೇ?"

"ಹಾಗಾದರೆ ಏನು ಮಾಡೋಣ?"

"ಎಲ್ಲರನ್ನೂ ಎಬ್ಬಿಸೋಣ. ಊರ ನಡುವೆ ಒಂದೇ ಒಂದು ಅಂಗಡಿ. ಮಹಾಭಂಡಾರ. ಅಂಬಾರಿ ಹೊತ್ತ ಆನೆ ತಲೆ ಬಗ್ಗಿಸದೆ ಒಳಗೆ ಹೋಗಬೇಕು, ಅಂಥ ಬಾಗಿಲು. ನಡೆಸೋದಕ್ಕೆ ನನ್ನ ಬಾಮೈದ ಕುಬೇರಯ್ಯ ಇದ್ದಾನೆ. ಕಷ್ಟಪಟ್ಟು ಒಪ್ಪಿಸಿದ್ದೀನಿ."

ಅಂಬಾರಿ ಹೊತ್ತ ಆನೆ ಅಂದದ್ದು ಕೇಳಿ ದೊರೆಯ ಮೀಸೆ ತಾನಾಗಿಯೇ ಮೇಲೆದ್ದಿತು. ಅಲ್ಲೇ ತುಂಬಿದ ಸಭೆಯಲ್ಲಿ ಕುಬೇರಯ್ಯನಿಗೆ ವೀಳ್ಯ ಕೊಟ್ಟು ಮಾತು ಕೊಟ್ಟ. "ನಾನು ಬದುಕಿರೋವರೆಗೂ ಆ ಬೀದಿ ಮುಚ್ಚಿರಲಿ. ನಾನು ಬದುಕಿರೋವರೆಗೂ ವ್ಯಾಪಾರವೆಲ್ಲ ಮಹಾಭಂಡಾರದ್ದೇ." ವೀಳ್ಯ ಹಿಡಿದು ಕೊಟ್ಟ ಮಾತನ್ನು ಆ ವಂಶದಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಮಾತು ತಪ್ಪಿದ ದೊರೆ ಸಿಂಹಾಸನ ಇಳಿಯಬೇಕು ಅಂತ ಮುತ್ತಜ್ಜ ಕಟ್ಟಳೆ ಮಾಡಿ ಹೋಗಿದ್ದ.

ಸುದ್ದಿ ಕೇಳಿ ಸಣ್ಣೀರವ್ವ ಸೆರಗಿನ ತುದಿಯಲ್ಲಿ ಒಂದಿಷ್ಟು ಪುರಿ ಕಟ್ಟಿಕೊಂಡು ಅರಮನೆಗೆ ಬಂದಳು. "ಬುದ್ಧೀ, ನಮ್ಮನ್ನ ಎಬ್ಬಿಸಬ್ಯಾಡಿ. ನಮ್ಮತ್ತೆ ಕಾಲದಿಂದ ಅಲ್ಲೇ ಕುಂತಿವ್ನಿ" ಅಂದಳು.

"ನಿನ್ನ ಅಂಗಡಿ ಎಷ್ಟು ದೊಡ್ಡದು?" ದೊರೆ ಕೇಳಿದ.

"ನಾನು ಕುಂತ್ರೆ ತುಂಬೋಯ್ತದೆ ಬುದ್ಧಿ."

"ಹಾಗಾದರೆ ನೀನು ಎದ್ದರೆ ಅಲ್ಲಿ ಏನೂ ಉಳಿಯಲ್ಲ. ಏನೂ ಇಲ್ಲದ್ದನ್ನ ಮುಚ್ಚಿದರೆ ಯಾರಿಗೆ ನಷ್ಟ?"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಣ್ಣೀರವ್ವ ನಗಲಿಲ್ಲ. ಸೆರಗಿನ ಪುರಿಯನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದಳು. ಅದನ್ನು ತಿಂದದ್ದು ದೊಡ್ಡದೇವಿ.

ಮಹಾಭಂಡಾರ ಎದ್ದಿತು. ಅದರ ಬಾಗಿಲು ಕಾಯಲು ಒಬ್ಬ, ಕಾಯುವವನನ್ನು ಕಾಯಲು ಒಬ್ಬ, ಇಬ್ಬರಿಗೂ ಗಾಳಿ ಬೀಸಲು ಒಬ್ಬ. ದೊಡ್ಡ ಅಂಗಡಿಯಾದ್ದರಿಂದ ಗಾಡಿಗಿಂತ ಕಡಿಮೆ ಏನನ್ನೂ ಅಲ್ಲಿ ಮಾರುವಂತಿಲ್ಲ. ಮೊದಲು ಒಬ್ಬ ಮುದುಕಿ ಬಂದಳು. "ಒಂದು ಸೂಜಿ ಬೇಕಿತ್ತಪ್ಪ." ಕುಬೇರಯ್ಯ ತಲೆ ಎತ್ತದೆ ಕೇಳಿದ, "ಎಷ್ಟು ಗಾಡಿ?" ಆಮೇಲೆ ಒಬ್ಬ ದಾರಿಹೋಕ ಬಂದ. "ಗಂಟಲು ಒಣಗೈತೆ, ಒಂದು ಲೋಟ ಮಜ್ಜಿಗೆ." "ಎಷ್ಟು ಗಾಡಿ?" ಆಮೇಲೆ ಕೂಸನ್ನು ಸೊಂಟಕ್ಕೆ ಹಾಕಿಕೊಂಡ ಒಬ್ಬಳು ಬಂದಳು. "ಮಗೀಗೆ ನೆಗಡಿ, ನಾಲ್ಕು ಕಾಳು ಮೆಣಸು ಕೊಡಿ." "ಎಷ್ಟು ಗಾಡಿ?" ಮೂವರೂ ಬರಿಗೈಲಿ ಹೋದರು. ವ್ಯಾಪಾರ ಹೇಗಿದೆ ಅಂತ ದೊರೆ ಕೇಳಿಸಿದಾಗ, ಜನ ಬಂದು ಬಂದು ಹೋಗುತ್ತಿದ್ದಾರೆ ಅಂತ ಮಂತ್ರಿ ಉತ್ತರ ಕೊಟ್ಟ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಬೀದಿ ಮುಚ್ಚಿದ ಮೊದಲ ಸಂಜೆಯಿಂದಲೇ ಹಣತೆ ಹತ್ತಲಿಲ್ಲ. ಕೋಟೆಯೊಳಗಿನವರಿಗೆ ಅದು ತಿಳಿಯಲೇ ಇಲ್ಲ. ಅವರೆಲ್ಲ ಮಹಾಭಂಡಾರದ ಬಾಗಿಲು ನೋಡುತ್ತಾ ಕತ್ತು ನೋಯಿಸಿಕೊಂಡಿದ್ದರು.

ಕಣಿವೆಯ ಮೇಲೆ ಉಪ್ಪಿನ ಹೇರಿನ ಎತ್ತುಗಳು ಬಂದು ನಿಂತವು. ಹೇರಿನವರು ಕೆಳಗೆ ನೋಡಿದರು. ಬೀದಿ ಕತ್ತಲೆ. "ಅಯ್ಯೋ ಪಾಪ, ದೊರೆ ಹೋಗ್ಬಿಟ್ಟವ್ನೆ" ಅಂತ ತಲೆಯ ರುಮಾಲು ತೆಗೆದು, ಎತ್ತು ತಿರುಗಿಸಿ ಬೇರೆ ರಾಜ್ಯಕ್ಕೆ ಹೋದರು. ಸ್ವಲ್ಪ ದಿನದಲ್ಲೇ ಅರಮನೆಯ ಸಾರಿನಲ್ಲಿ ಕುಂಬಳಕಾಯಿ ಉಳಿಯಿತು, ಉಪ್ಪು ಉಳಿಯಲಿಲ್ಲ.

ಹೇರಿನವರು ಹೋದ ಕಡೆಯೆಲ್ಲ ಸುದ್ದಿಯೂ ಹೋಯಿತು. ನೆರೆರಾಜ್ಯದಿಂದ ಒಬ್ಬ ಮುದಿ ರಾಜದೂತ ಬಿಳಿ ಬಟ್ಟೆ ಹೊತ್ತುಕೊಂಡು ಬಂದ. ದೊರೆಯ ಮುಂದೆ ನಿಂತು ಕಣ್ಣೊರೆಸಿಕೊಂಡ.

"ನಿಮ್ಮ ಅಣ್ಣನವರು ಬಹಳ ಒಳ್ಳೆಯವರು."

"ಯಾವ ಅಣ್ಣ?"

"ತೀರಿಹೋದ ದೊರೆಗಳು. ಮುಖದಲ್ಲಿ ಅವರದೇ ಹೋಲಿಕೆ ಇದೆ. ಅವರ ಮೀಸೆ ಇನ್ನೂ ದೊಡ್ಡದಿತ್ತಂತೆ."

ತಾನು ಸತ್ತದ್ದಕ್ಕಿಂತ ಮೀಸೆಯ ಮಾತೇ ದೊರೆಗೆ ಹೆಚ್ಚು ನೋವು ಮಾಡಿತು. ಮುದುಕನನ್ನು ಬೈದು ಅಟ್ಟಿದ. ಆದರೆ ಅದಾದ ಮೇಲೆ ಬಂದದ್ದು ನಗುವ ಸಂಗತಿಯಲ್ಲ. ಭೈರರಸನ ದಿಬ್ಬಣ ಕಣಿವೆಯ ಮೇಲೆ ಬಂದು ನಿಂತಿತು. ಕೆಳಗೆ ಇಳಿಯಲಿಲ್ಲ. ಬೀಗರ ದೂತನೊಬ್ಬ ಕೋಟೆ ಬಾಗಿಲಿನ ಹೊರಗೆ, ಸೂತಕದ ಮನೆಯಿಂದ ದೂರ ನಿಲ್ಲುವವರ ಹಾಗೆ ನಿಂತು ಕೂಗಿದ.

"ದೊರೆಗಳು ತೀರಿಕೊಂಡದ್ದು ಬೀದಿ ನೋಡಿ ತಿಳೀತು. ಸೂತಕದ ಮನೆಯಲ್ಲಿ ಮದುವೆಯ ಮಾತು ಆಡೋ ಹಾಗಿಲ್ಲ. ಎತ್ತು ದಣಿದಿವೆ, ಸ್ವಲ್ಪ ಸುಧಾರಿಸಿಕೊಂಡು ನಾವು ವಾಪಸ್ ಹೊರಡ್ತೀವಿ. ಹುಡುಗನಿಗೆ ವಯಸ್ಸು ನಿಲ್ಲಲ್ಲ. ಬೇರೆ ಕಡೆ ನೋಡಿದರೆ ತಪ್ಪು ತಿಳಿಯಬೇಡಿ."

ದೊರೆ ಕೊತ್ತಲದ ಮೇಲೆ ಓಡಿಬಂದು ನಾನು ಬದುಕಿದ್ದೇನೆ ಅಂತ ಕೂಗಿದ. ದೂತ ಕೆಳಗಿನಿಂದ ಕೈಮುಗಿದ. "ದುಃಖ ಜಾಸ್ತಿಯಾದಾಗ ಮನೆಯವರು ಹೀಗೇ ಮಾತಾಡ್ತಾರೆ. ಸಮಾಧಾನ ಮಾಡಿಕೊಳ್ಳಿ ಸ್ವಾಮಿ" ಅಂದು ಹೊರಟುಹೋದ.

ದೊಡ್ಡದೇವಿ ಬಾಗಿಲು ಹಾಕಿಕೊಂಡು ಅತ್ತಳು. ಆ ಅಳು ದೊರೆಗೆ ಕೇಳಿಸಿತು. ಮಂತ್ರಿಯನ್ನು ಕರೆಸಿದ. "ಇವತ್ತೇ ಬೀದಿ ತೆರೆಸು" ಅಂದ.

"ವೀಳ್ಯ ಹಿಡಿದು ಕೊಟ್ಟ ಮಾತು ಮಹಾಪ್ರಭು. ತಪ್ಪಿದರೆ ಸಿಂಹಾಸನ ಹೋಗುತ್ತೆ" ಅಂದ ಸಂಪನ್ನಯ್ಯ. "ಅದೂ ಅಲ್ಲದೆ, ದೀಪ ತಾನೇ ಅವರಿಗೆ ಬೇಕಾದ್ದು? ಆ ಪುಟಗೋಸಿ ಹಣತೆಗಳೇಕೆ? ದೊಡ್ಡ ದೀಪ ಒಂದನ್ನೇ ಹಚ್ಚೋಣ. ಎಣ್ಣೆ ಕುಬೇರಯ್ಯನ ಹತ್ತಿರ ಗಾಡಿಗಟ್ಟಲೆ ಇದೆ."

ದೊಡ್ಡದು ಅಂದ ತಕ್ಷಣ ದೊರೆಗೆ ಸಮಾಧಾನವಾಯಿತು. ಮಹಾಭಂಡಾರದ ನೆತ್ತಿಯ ಮೇಲೆ ಕೊಪ್ಪರಿಗೆಯಷ್ಟು ದೊಡ್ಡ ದೀಪ ಹತ್ತಿತು. ಕಗ್ಗತ್ತಲೆಯ ಊರಿನ ನಡುವೆ ಅದೊಂದೇ ಉರಿಯಿತು. ಬೆಳಿಗ್ಗೆ ದೂತ ಬಂದ. "ತಲೆಯ ಹತ್ತಿರ ಒಂಟಿ ದೀಪ ಇಟ್ಟಿದ್ದು ನಮ್ಮ ಅರಸರಿಗೂ ಕಾಣಿಸ್ತು. ಕೈಮುಗಿದರು" ಅಂದ.

"ದೀಪ ಬೇಡ, ಸದ್ದು ಮಾಡೋಣ" ಅಂದ ಮಂತ್ರಿ. "ಬದುಕಿದ್ದವರು ತಾನೇ ಸದ್ದು ಮಾಡೋದು?" ಊರಿನ ತಮಟೆಗಳನ್ನೆಲ್ಲ ಒಟ್ಟು ಸೇರಿಸಿ ಸಂಜೆಯೆಲ್ಲ ಹೊಡೆಸಿದ. ಕಣಿವೆಯ ಕಲ್ಲುಗಳೂ ನಡುಗಿದವು. ಬೆಳಿಗ್ಗೆ ದೂತ ಬಂದ. "ಹೆಣ ಎತ್ತಿದ್ದು ಕೇಳಿಸ್ತು. ದೊಡ್ಡ ಮನೆತನಕ್ಕೆ ತಕ್ಕ ಹಾಗೆ ಎತ್ತಿದ್ರಿ" ಅಂದ.

ಮಂತ್ರಿ ಬೆವರೊರೆಸಿಕೊಂಡು ಮತ್ತೆ ಯೋಚಿಸಿದ. "ಬೆಂಕಿ ಹಾಕೋಣ ಮಹಾಪ್ರಭು. ಹಬ್ಬದ ಬೆಂಕಿ. ಮುಗಿಲು ಮುಟ್ಟಬೇಕು." ಕುಬೇರಯ್ಯನ ಗಾಡಿಗಳಿಂದ ಸೌದೆ ಬಂತು, ತುಪ್ಪವೂ ಬಂತು. ಬೆಂಕಿ ನಿಜವಾಗಿಯೂ ಮುಗಿಲು ಮುಟ್ಟಿತು. ಬೆಳಿಗ್ಗೆ ದೂತ ತಲೆಗೆ ಸ್ನಾನ ಮಾಡಿಕೊಂಡು ಬಂದ. "ಚಿತೆ ಚೆನ್ನಾಗಿ ಉರೀತು. ನಾವೂ ಮುಳುಗಿ ಎದ್ದೆವು. ಎತ್ತುಗಳೂ ಸುಧಾರಿಸಿಕೊಂಡವು. ನಾಳೆ ಬೆಳಗಾಗುತ್ತಲೇ ಹೊರಡ್ತೀವಿ" ಅಂದ.

ದೊರೆ ತಲೆ ಮೇಲೆ ಕೈಹೊತ್ತು ಕೂತ. ಸಂಪನ್ನಯ್ಯ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ. "ಮಹಾಪ್ರಭು, ಹೇಗೂ ಎಲ್ಲ ಮುಗಿದ ಹಾಗಾಯಿತು. ಇನ್ನು ಒಂದು ಸಮಾಧಿ ಕಟ್ಟಿಸಿಬಿಡೋಣ. ಏಳು ರಾಜ್ಯದಲ್ಲಿ ಅಷ್ಟು ದೊಡ್ಡದು ಇರಬಾರದು. ಕಲ್ಲು ಕುಬೇರಯ್ಯ ಒದಗಿಸ್ತಾನೆ."

"ಎಷ್ಟು ದೊಡ್ಡದು?" ಅಂತ ದೊರೆ ಕೇಳಿಯೇಬಿಟ್ಟ.

ಬಾಗಿಲ ಸಂದಿಯಲ್ಲಿ ದೊಡ್ಡದೇವಿ ನಿಂತಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು. "ಅಪ್ಪಾಜಿ, ನನ್ನ ಮದುವೆಗಿಂತ ನಿಮಗೆ ನಿಮ್ಮ ಸಮಾಧಿ ದೊಡ್ಡದಾಯ್ತಾ?" ಅಂದಳು. ದೊರೆಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ. ಅಂಥದ್ದು ಅವನಿಗೆ ಅದೇ ಮೊದಲು.

ಅವನು ಛತ್ರಿಯವರನ್ನು ಕರೆಯಲಿಲ್ಲ. ಒಬ್ಬನೇ ಎದ್ದು, ಮುಚ್ಚಿದ ಬೀದಿಯ ಹಿಂದಿನ ಕೇರಿಗೆ ನಡೆದ. ಅಲ್ಲಿ ಹಗ್ಗದವನು ಸುಮ್ಮನೆ ಕೈ ನೋಡಿಕೊಂಡು ಕೂತಿದ್ದ. ಬಳೆಯವಳು ಬಳೆ ಕಟ್ಟಿಡುವ ಮಲಾರ ಮೂಲೆಯಲ್ಲಿ ಬಿದ್ದಿತ್ತು. ಸಣ್ಣೀರವ್ವ ತಣ್ಣಗಿನ ಒಲೆಯ ಮುಂದೆ ಕೂತು ಒಲೆಯನ್ನೇ ಸಾರಿಸುತ್ತಿದ್ದಳು.

"ಸಣ್ಣೀರವ್ವ, ಇವತ್ತೊಂದು ಸಂಜೆ ದೀಪ ಹಚ್ಚಿ. ನನ್ನ ಮಗಳ ಬಾಳಿನ ಪ್ರಶ್ನೆ."

ಅವಳು ಎದ್ದು ನಿಂತಳು. "ಹಚ್ಚಬೋದು ಬುದ್ಧಿ. ಆದ್ರೆ ತಾವೇ ಮಾತು ಕೊಟ್ಟಿದೀರಿ. ನೀವು ಬದುಕಿರೋಗಂಟ ಬೀದಿ ಮುಚ್ಚಿರಬೇಕು. ಬೀದಿ ಮುಚ್ಚಿರೋಗಂಟ ನೀವು ಸತ್ತಿದೀರಿ. ನಾವೇನು ಮಾಡಣ ಯೋಳಿ."

ದೊರೆ ಒಲೆಯ ಪಕ್ಕದ ಮಣೆಯ ಮೇಲೆ ಕೂತ. ಸಣ್ಣ ಮಣೆ. ಅವಳ ಮಾತನ್ನು ಮನಸ್ಸಿನಲ್ಲೇ ಒಂದು ಸಲ ಹೇಳಿಕೊಂಡ, ಇನ್ನೊಂದು ಸಲ ಹೇಳಿಕೊಂಡ. ಮೂರನೇ ಸಲ ಹೇಳಿಕೊಂಡಾಗ ಅವನ ಮೀಸೆಯ ಕೆಳಗೆ ನಗು ಕಾಣಿಸಿಕೊಂಡಿತು. "ಬತ್ತಿ ಹೊಸೆದಿಟ್ಟಿರಿ" ಅಂತ ಹೇಳಿ ಸರಸರ ಅರಮನೆಗೆ ನಡೆದ.

ಮಧ್ಯಾಹ್ನ ಸಭೆ ಸೇರಿತು. ದೊರೆ ಮುಖ ಜೋಲು ಹಾಕಿಕೊಂಡು ಮಂತ್ರಿಯನ್ನು ಹತ್ತಿರ ಕರೆದ.

"ಸಂಪನ್ನಯ್ಯ, ಆ ಸಮಾಧಿಯ ವಿಷಯ. ಕಟ್ಟಿಸೋಣ ಅನಿಸ್ತಿದೆ. ಆದರೆ ಬದುಕಿರೋವನಿಗೆ ಸಮಾಧಿ ಕಟ್ಟಿದರೆ ಜನ ನಗ್ತಾರೆ. ನಾನು ಸತ್ತಿರೋದು ಖಂಡಿತವಾ?"

ಮಂತ್ರಿಗೆ ಕಲ್ಲಿನ ಗಾಡಿಗಳು ಕಣ್ಣ ಮುಂದೆ ಸಾಲಾಗಿ ಬಂದವು. "ಖಂಡಿತ ಮಹಾಪ್ರಭು. ಏಳು ರಾಜ್ಯಕ್ಕೂ ಗೊತ್ತು."

"ನನಗೆ ಧೈರ್ಯ ಸಾಲದು. ಹಿರಿಯರೆಲ್ಲ ಕೇಳಲಿ, ಇನ್ನೊಂದು ಸಲ ಹೇಳು."

"ಸತ್ತಿದ್ದೀರಿ ಮಹಾಪ್ರಭು. ತಲೆದೆಸೆಗೆ ದೀಪ ಇಡಿಸಿದವನು ನಾನೇ."

"ಗಟ್ಟಿಯಾಗಿ ಹೇಳು, ಹಿಂದೆ ಕೂತವರಿಗೆ ಕೇಳಿಸಲಿಲ್ಲ."

"ತಮಟೆ ಹೊಡೆಸಿದವನು ನಾನೇ, ಚಿತೆಗೆ ಸೌದೆ ತರಿಸಿದವನೂ ನಾನೇ" ಅಂತ ಮಂತ್ರಿ ಗಂಟಲು ಹರಿಯುವ ಹಾಗೆ ಕೂಗಿದ. "ಇಷ್ಟು ಚೆನ್ನಾಗಿ ಸತ್ತ ದೊರೆ ಇನ್ನೊಬ್ಬರಿಲ್ಲ."

ದೊರೆ ಆ ದೊಡ್ಡ ಸಿಂಹಾಸನದಿಂದ ನಿಧಾನವಾಗಿ ಕೆಳಗಿಳಿದ.

"ಹಿರಿಯರೇ, ಕೇಳಿದಿರಿ. ಘನವೀರ ನಾಯಕ ಸತ್ತ. ಅವನು ಕೊಟ್ಟ ಮಾತು ಅವನು ಬದುಕಿರೋವರೆಗೆ ಮಾತ್ರ. ಆದ್ದರಿಂದ ಕುಬೇರಯ್ಯನ ವೀಳ್ಯ ಇವತ್ತಿಗೆ ತೀರಿತು. ಸತ್ತವನಿಗೆ ಮಂತ್ರಿಯ ಅಗತ್ಯವೂ ಇಲ್ಲ. ಸಂಪನ್ನಯ್ಯ, ಮುದ್ರೆಯುಂಗುರ ತೆಗೆದು ಕೆಳಗಿಡು."

ಮಂತ್ರಿಯ ಮುಖ ಬಿಳಿಚಿಕೊಂಡಿತು. "ಇಲ್ಲ, ಇಲ್ಲ ಮಹಾಪ್ರಭು, ತಾವು ಬದುಕಿದ್ದೀರಿ. ನನ್ನ ಕಣ್ಣಾರೆ ನೋಡ್ತಿದ್ದೀನಿ."

"ಹಾಗಾ? ಬದುಕಿರೋ ದೊರೆಗೆ ತಲೆದೆಸೆಯ ದೀಪ ಇಟ್ಟು, ತಮಟೆ ಹೊಡೆಸಿ, ಚಿತೆ ಹಚ್ಚಿದವನಿಗೆ ಏನು ಶಿಕ್ಷೆ ಅಂತ ಹಿರಿಯರನ್ನೇ ಕೇಳೋಣ. ನಾನು ಸತ್ತಿದ್ದೀನೋ, ಬದುಕಿದ್ದೀನೋ? ಬೇಗ ಹೇಳು, ಸಂಜೆಯಾಗ್ತಾ ಬಂತು."

ಸಂಪನ್ನಯ್ಯ ಒಮ್ಮೆ ಹಿರಿಯರನ್ನು ನೋಡಿದ, ಒಮ್ಮೆ ಬಾಗಿಲನ್ನು ನೋಡಿದ. ಕೊನೆಗೆ ಉಂಗುರ ಕಳಚಿ ನೆಲದ ಮೇಲಿಟ್ಟು, "ಸತ್ತಿದ್ದೀರಿ" ಅಂತ ಸಣ್ಣ ದನಿಯಲ್ಲಿ ಹೇಳಿದ. ಅವನು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಸಭೆ ಕೇಳಿದ್ದು ಅವತ್ತೇ ಮೊದಲು.

ಸತ್ತ ದೊರೆಯ ಜಾಗಕ್ಕೆ ಹೊಸ ದೊರೆ ಬೇಕಲ್ಲ. ಹಿರಿಯರು ಗುಸುಗುಸು ಮಾತಾಡಿಕೊಂಡು ಘನವೀರ ನಾಯಕನಿಗೇ ಇನ್ನೊಂದು ಸಲ ಪಟ್ಟ ಕಟ್ಟಿದರು. ಸಿಂಹಾಸನ ಸತ್ತವನದ್ದು ಅಂತ ಬಿಟ್ಟು, ದೊಡ್ಡದೇವಿ ಚಿಕ್ಕಂದಿನಲ್ಲಿ ಕೂರುತ್ತಿದ್ದ ಮಣೆಯ ಮೇಲೆ ಅವನನ್ನು ಕೂರಿಸಿದರು. ಕೂತವನು ಎಲ್ಲರಿಗೂ ಚೆನ್ನಾಗಿ ಕಾಣಿಸಿದ. ಹೊಸ ದೊರೆಗೆ ಪಟ್ಟವಾದ ಸಂಜೆ ಅಂಗಡಿಬೀದಿ ತೆರೆಯಲೇಬೇಕಲ್ಲ. ತೆರೆಯಿತು.

ಮೊದಲ ಹಣತೆ ಸಣ್ಣೀರವ್ವ ಹಚ್ಚಿದಳು. ಆಮೇಲೆ ಹಗ್ಗದವನು. ಆಮೇಲೆ ಬಳೆಯವಳು. ಒಂದರ ಪಕ್ಕ ಒಂದು, ಒಂದರ ಪಕ್ಕ ಒಂದು, ದೀಪಗಳು ಕಣಿವೆಯ ಬುಡದವರೆಗೂ ಹತ್ತಿಕೊಂಡು ಹೋದವು. ಮೇಲೆ ಭೈರರಸ ಗಂಟುಮೂಟೆ ಕಟ್ಟಿಸುತ್ತಿದ್ದವನು ನೋಡಿ, "ಹೊಸ ದೊರೆ ಬಂದಿದ್ದಾನೆ. ಸೂತಕ ಕಳೀತು, ಇಳಿಯೋಣ" ಅಂದ.

ದಿಬ್ಬಣ ಇಳಿಯುವಾಗ ಭೈರರಸನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಕಣಿವೆಯ ಬುಡದ ಅಂಗಡಿಯಲ್ಲೇ ಒಬ್ಬ ಕೂತು ಹೊಲಿದುಕೊಟ್ಟ. ಗಾಡಿಯ ಹಗ್ಗ ಹರಿದಿತ್ತು, ಪಕ್ಕದವನು ಬಿಗಿದುಕೊಟ್ಟ. ದಿಬ್ಬಣದ ಹೆಂಗಸರಿಗೆ ಬಾಯಾರಿತ್ತು, ಮಜ್ಜಿಗೆ ಸಿಕ್ಕಿತು. ಯಾರೂ ಎಷ್ಟು ಗಾಡಿ ಅಂತ ಕೇಳಲಿಲ್ಲ. ದೀಪ ಕಂಡು ಉಪ್ಪಿನ ಹೇರಿನವರೂ ಅವರ ಹಿಂದೆಯೇ ಇಳಿಯುತ್ತಿದ್ದರು. ಕೋಟೆ ಬಾಗಿಲಿಗೆ ಬಂದ ಭೈರರಸ ಹೊಸ ದೊರೆ ಎಲ್ಲಿ ಅಂತ ಹುಡುಕಿದ. ಹೊಸ ದೊರೆ ಹಳೆಯ ಮೀಸೆ ಹೊತ್ತು ಪುರಿ ಅಂಗಡಿಯ ಮುಂದೆ ನಿಂತಿದ್ದ.

"ಸಣ್ಣೀರವ್ವ, ನಿನ್ನ ಅಂಗಡಿ ಎಷ್ಟು ದೊಡ್ಡದು?"

"ನಾನು ಕುಂತ್ರೆ ತುಂಬೋಯ್ತದೆ ಬುದ್ಧಿ."

"ಸ್ವಲ್ಪ ಸರಕೊ. ಬೀಗರಿಗೂ ನನಗೂ ಜಾಗ ಮಾಡು."

ಅವಳು ಸರಿದಳು. ಆ ಜಗಲಿಯ ಮೇಲೆ, ಪುರಿಯ ಮೊರವನ್ನು ಮಧ್ಯೆ ಇಟ್ಟುಕೊಂಡು, ಇಬ್ಬರು ಅರಸರು ವೀಳ್ಯ ಬದಲಾಯಿಸಿದರು. ದೊಡ್ಡದೇವಿಯ ಕೈಗೆ ಬಳೆಯವಳು ಅಲ್ಲೇ ಹಸಿರು ಬಳೆ ತೊಡಿಸಿದಳು. ದೊರೆ ಮಗಳ ಮುಖ ನೋಡಿ ಎಲ್ಲರೆದುರೂ ಅತ್ತ. ಸಣ್ಣೀರವ್ವ ಅಳೆದ ಪುರಿಯ ಮೇಲೆ ಬೀಗರಿಗೊಂದು ಹಿಡಿ ಕೊಸರು ಹಾಕಿದಳು.

ಸಂಪನ್ನಯ್ಯನನ್ನೂ ಕುಬೇರಯ್ಯನನ್ನೂ ದೊರೆ ಸೆರೆಗೆ ಹಾಕಲಿಲ್ಲ. ಮಹಾಭಂಡಾರದಲ್ಲಿ ಗಾಡಿಗಟ್ಟಲೆ ಸಾಸಿವೆ ಮಾರಾಟವಾಗದೆ ಕೂತಿತ್ತು. ಅದನ್ನು ಬೀದಿಯ ಕೊನೆಯಲ್ಲಿ ಒಂದು ಜಗಲಿ ಹಾಕಿಕೊಂಡು ಚಿಟಿಕೆ ಚಿಟಿಕೆಯಾಗಿ ಮಾರಿ ಮುಗಿಸಬೇಕು, ಪ್ರತಿ ಚಿಟಿಕೆಗೂ ಕೊಸರು ಹಾಕಬೇಕು, ದಿನಾ ಸಂಜೆ ಹಣತೆ ಹಚ್ಚಬೇಕು ಅಂತ ತೀರ್ಪು ಕೊಟ್ಟ. ಮೊದಲ ಗಿರಾಕಿ ಅರಮನೆಯ ಅಡುಗೆಯವನೇ. ಮಹಾಭಂಡಾರದ ಬಾಗಿಲಲ್ಲಿ ಈಗಲೂ ಆನೆ ತಲೆ ಬಗ್ಗಿಸದೆ ಹೋಗುತ್ತದೆ. ಒಳಗೆ ಆನೆಯ ಲಾಯ.

ನೋಡಿ ಮಕ್ಕಳೇ, ಬೀದಿಯ ಸಣ್ಣ ಅಂಗಡಿಗಳನ್ನು ಅರಮನೆಯವರು ಲೆಕ್ಕಕ್ಕೆ ಹಿಡಿಯೋದಿಲ್ಲ. ಆದರೆ ನಾಡು ಉಸಿರಾಡುವುದು ಆ ಅಂಗಡಿಗಳಿಂದ. ಅವನ್ನು ಮುಚ್ಚಿಸಿದವನು ಎಷ್ಟೇ ದೊಡ್ಡ ಸಿಂಹಾಸನದ ಮೇಲೆ ಕೂತಿದ್ದರೂ ಹೊರಗಿನವರ ಕಣ್ಣಿಗೆ ಸತ್ತವನೇ. ನೀತಿ ಇಷ್ಟೇ. ಇನ್ನು ಏಳಿ, ಕತ್ತಲಾಯಿತು. ಮನೆಗೆ ಹೋಗುವಾಗ ಮೂಲೆಯ ಅಂಗಡಿಯಲ್ಲಿ ದೀಪ ಉರಿಯುತ್ತಿದೆಯಾ ಅಂತ ಒಂದು ಸಲ ನೋಡಿಕೊಂಡು ಹೋಗಿ.